ನೈಜೀರಿಯದ ಲೇಖಕ ಚಿನುವಾ ಅಚೆಬೆಯವರ ‘ನೋ ಲಾಂಗರ್ ಅಟ್ ಈಸ್’ ಕಾದಂಬರಿಯ ಓಬಿ ಒಕೊಂಕ್ವೊ ಪ್ರಾಮಾಣಿಕನಾಗಿದ್ದೂ ಲಂಚ ತೆಗೆದುಕೊಂಡದ್ದೇಕೆ?

ದುರಾಸೆಯಿಂದಲ್ಲ; ಎರಡು ಲೋಕಗಳಿಗೆ ಏಕಕಾಲದಲ್ಲಿ ಋಣಿಯಾಗಿದ್ದುದರಿಂದ. 1960ರಲ್ಲಿ ಪ್ರಕಟವಾದ ಈ ಕಾದಂಬರಿಯ ಕಥೆ ನಡೆಯುವುದು ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳ ನೈಜೀರಿಯದಲ್ಲಿ. ಉಮುವೋಫಿಯ ಊರಿನ ಸಂಘವು ಓಬಿಯನ್ನು ಇಂಗ್ಲೆಂಡಿನಲ್ಲಿ ಓದಿಸಲು 800 ಪೌಂಡ್ ಸಾಲ ಕೊಟ್ಟಿರುತ್ತದೆ. ಲಾಗೋಸಿನಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಮಂಡಳಿಯಲ್ಲಿ ಅವನಿಗೆ ದೊರೆತ ಹುದ್ದೆಯ ಸಂಬಳ ತಿಂಗಳಿಗೆ ಸುಮಾರು 47 ಪೌಂಡ್. ಅದರಲ್ಲಿ 20 ಸಂಘಕ್ಕೆ, 10 ತಂದೆತಾಯಿಗೆ ಹೋಗಬೇಕು. ಉಳಿದದ್ದರಲ್ಲಿ ಬಿಳಿಯ ಅಧಿಕಾರಿಗಳಿಗೆ ಸಮನಾಗಿ ಕಾರು, ವಿಮೆ, ಫ್ಲಾಟಿನ ಬದುಕು ನಡೆಯಬೇಕು, ಏಕೆಂದರೆ ಊರಿನವರಿಗೂ ತಮ್ಮ ಹುಡುಗ ಹಾಗೆಯೇ ಕಾಣಬೇಕಾಗಿದೆ.

ಸಾಲ ತೀರಿಸಲು ಸಂಘ ನಾಲ್ಕು ತಿಂಗಳ ಬಿಡುವು ಕೊಡಲು ಒಪ್ಪಿದ್ದರೂ, ಅಸ್ಪೃಶ್ಯರೆನಿಸಿದ ‘ಓಸು’ ಕುಲದ ಕ್ಲಾರಾಳನ್ನು ಅವನು ಮದುವೆಯಾಗಲಿರುವ ವಿಷಯವನ್ನು ಅಧ್ಯಕ್ಷರು ಎತ್ತಿದೊಡನೆ ಓಬಿ ಸಿಟ್ಟಿನಿಂದ ಬಿಡುವನ್ನು ತಿರಸ್ಕರಿಸಿ ಹೊರಟುಬಿಡುತ್ತಾನೆ. ನನಗೆ ಇದೇ ಕಾದಂಬರಿಯ ಕೀಲು ಎನಿಸುತ್ತದೆ: ಆಧುನಿಕ ಸ್ವಾಭಿಮಾನವು ಸಂಪ್ರದಾಯದ ಆಸರೆಯನ್ನು ದೂರ ತಳ್ಳುತ್ತದೆ, ಆದರೆ ಸಾಲ ಮಾತ್ರ ಉಳಿಯುತ್ತದೆ. ಜೊತೆಗೆ, ಸರ್ಕಾರವೆಂಬುದು ಜನರಿಗೆ ಪರಕೀಯರ ಆಸ್ತಿಯಾಗಿತ್ತು. ಅದರಿಂದ ಕಿತ್ತುಕೊಂಡದ್ದು ತಮ್ಮವರಿಂದ ಕದ್ದಂತೆ ಯಾರಿಗೂ ತೋರುತ್ತಿರಲಿಲ್ಲ.

ವಿದ್ಯಾರ್ಥಿವೇತನದ ಅರ್ಜಿಯೊಂದಕ್ಕಾಗಿ ಬಂದ ಮೊದಲ ಆಮಿಷವನ್ನು ಓಬಿ ಹೆಮ್ಮೆಯಿಂದ ನಿರಾಕರಿಸಿದ್ದ. ಕ್ಲಾರಾ ದೂರವಾಗಿ, ತಾಯಿ ತೀರಿಕೊಂಡ ಮೇಲೆ ಬಂದವನೊಬ್ಬ ಒಟ್ಟು 50 ಪೌಂಡ್ ಮೊತ್ತದ ನೋಟುಗಳನ್ನು ಮೇಜಿನ ಮೇಲಿಟ್ಟು ಹೋದಾಗ ಮಾತ್ರ, ಅವನು ಅದನ್ನು ಹಿಂದಿರುಗಿಸಲೂ ಆರದೆ, ಮುಟ್ಟಲೂ ಆರದೆ, ಅದರ ಮೇಲೊಂದು ವೃತ್ತಪತ್ರಿಕೆಯನ್ನು ಹೊದಿಸುತ್ತಾನೆ.