ಬೇಡ ಅಂದಷ್ಟೂ ಜಾಸ್ತಿ ಮಾಡ್ತಾನೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ ತುಂಬಿ ಎರಡು ತಿಂಗಳಾಗಿದೆ. ಚುರುಕು ಹುಡುಗ. ಮೂರು ವಾರದ ಹಿಂದೆ ಹೋಂವರ್ಕ್ ಮಾಡುತ್ತಾ ಕೂತಿದ್ದವನು ಇದ್ದಕ್ಕಿದ್ದ ಹಾಗೆ ಎರಡೂ ಕಣ್ಣನ್ನು ಬಿಗಿಯಾಗಿ ಮುಚ್ಚಿ ಮುಚ್ಚಿ ತೆಗೆಯಲು ಶುರು ಮಾಡಿದ. ಏನೋ ಬಿದ್ದಿರಬೇಕು ಅಂತ ನೀರು ಹಾಕಿ ತೊಳೆದೆ. ಮಾರನೇ ದಿನವೂ ಅದೇ. ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣು ಚೆನ್ನಾಗಿದೆ, ಕನ್ನಡಕವೂ ಬೇಡ ಅಂದರು. ಹತ್ತು ದಿನಕ್ಕೆ ಕಡಿಮೆ ಆಯಿತಲ್ಲ ಅಂತ ಉಸಿರು ಬಿಡುವಷ್ಟರಲ್ಲಿ ಬಲ ಭುಜ ಎಗರಿಸುವುದು ಶುರುವಾಯಿತು. ಅದರ ಜೊತೆಗೆ ಗಂಟಲಲ್ಲಿ 'ಹ್ಮ್, ಹ್ಮ್' ಅಂತ ಒಂದು ಸದ್ದು. ಅತ್ತೆಯವರು ಇದೆಲ್ಲ ಚೇಷ್ಟೆ, ಎರಡು ಬಿಟ್ಟರೆ ಸರಿಹೋಗುತ್ತೆ ಅನ್ನುತ್ತಾರೆ. ನಮ್ಮ ಮನೆಯವರು ಮೊಬೈಲಿನಿಂದಲೇ ಅಂತ ಅದನ್ನು ಕಿತ್ತಿಟ್ಟಿದ್ದಾರೆ. ನಾನು ಮೆಲ್ಲಗೆ 'ಬೇಡ ಪುಟ್ಟಾ' ಅಂತ ನೆನಪಿಸುತ್ತೇನೆ, ಹಾಗೆ ಅಂದಷ್ಟೂ ಜಾಸ್ತಿ ಆಗುತ್ತೆ. ಮೊನ್ನೆ ತಾಳ್ಮೆ ತಪ್ಪಿ ಗದರಿಬಿಟ್ಟೆ. ಅವನು ಎಡಗೈಯಿಂದ ಬಲ ಭುಜವನ್ನು ಅದುಮಿ ಹಿಡಿದುಕೊಂಡು ಸುಮ್ಮನೆ ಕೂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಟುರೆಟ್ ಅಂತ ಬರುತ್ತೆ. ಇದು ಫಿಟ್ಸಾ? ಜೀವನಪೂರ್ತಿ ಇರುತ್ತಾ? ನಾನೇ ಏನಾದರೂ ತಪ್ಪು ಮಾಡಿದೆನಾ?
ಹೆಸರು ಬೇಡ

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇಲ್ಲ, ನಿಮ್ಮಿಂದ ಬಂದಿದ್ದಲ್ಲ. ಗದರಿದ್ದರಿಂದಲೂ ಬಂದಿಲ್ಲ, ಯಾಕಂದರೆ ನೀವು ಗದರುವ ಮೂರು ವಾರ ಮೊದಲೇ ಅದು ಬಂದಿತ್ತು.

ನಿಮ್ಮ ಪತ್ರದಲ್ಲಿ ನನಗೆ ಮನಸ್ಸಿಗೆ ತಟ್ಟಿದ್ದು ಆ ಎಡಗೈ. ಚೇಷ್ಟೆ ಮಾಡುವ ಮಗು ತನ್ನ ಭುಜವನ್ನು ತಾನೇ ಅದುಮಿ ಹಿಡಿದುಕೊಳ್ಳುತ್ತಾ? ಅವನು ನಿಮ್ಮ ಮಾತು ಕೇಳುತ್ತಿದ್ದಾನೆ, ಕೇಳಲು ಒದ್ದಾಡುತ್ತಿದ್ದಾನೆ, ಆದರೆ ಭುಜ ಅವನ ಮಾತು ಕೇಳುತ್ತಿಲ್ಲ. ಇದನ್ನು ನಿಮ್ಮ ಅತ್ತೆಯವರಿಗೂ ಓದಿ ಹೇಳಿ.

ನೀವು ಬರೆದಿರುವುದನ್ನು ನೋಡಿದರೆ ಇದು ಟಿಕ್ಸ್ ಅನ್ನಿಸುತ್ತದೆ. ಗಡಿಯಾರದ ಟಿಕ್ ಟಿಕ್‌ಗೂ ಇದಕ್ಕೂ ಸಂಬಂಧವಿಲ್ಲ, ಫ್ರೆಂಚಿನಿಂದ ಬಂದ ಪದ. ಥಟ್ಟನೆ ಬಂದು ಹೋಗುವ, ಮತ್ತೆ ಮತ್ತೆ ಬರುವ ಸಣ್ಣ ಚಲನೆ ಅಥವಾ ಸದ್ದು. ಕಣ್ಣು ಮಿಟುಕಿಸುವುದು, ಮೂಗು ಸೊಟ್ಟ ಮಾಡುವುದು, ಕತ್ತು ಕೊಂಕಿಸುವುದು, ಭುಜ ಎಗರಿಸುವುದು, ಗಂಟಲು ಸರಿ ಮಾಡಿಕೊಳ್ಳುವುದು. ಹೆಚ್ಚಾಗಿ ಮುಖದಿಂದ, ಅದರಲ್ಲೂ ಕಣ್ಣಿನಿಂದಲೇ ಶುರುವಾಗುತ್ತದೆ. ಹಾಗಾಗಿಯೇ ಎಷ್ಟೋ ಮಕ್ಕಳು ಮೊದಲು ಕಣ್ಣಿನ ಡಾಕ್ಟರ ಹತ್ತಿರ, ಆಮೇಲೆ 'ಅಲರ್ಜಿ ಕೆಮ್ಮು' ಅಂತ ಗಂಟಲಿನ ಡಾಕ್ಟರ ಹತ್ತಿರ ಹೋಗಿ, ಸಿರಪ್ಪು ಡ್ರಾಪ್ಸು ಎಲ್ಲ ಮುಗಿಸಿ ಕೊನೆಗೆ ನಮ್ಮಂಥ ಮಕ್ಕಳ ಡಾಕ್ಟರ ಹತ್ತಿರ ಬರುತ್ತಾರೆ. ಕಣ್ಣು ತೋರಿಸಿದ್ದು ತಪ್ಪಲ್ಲ, ಅದು ಆಗಬೇಕಾದದ್ದೇ.

ಬೇಕಂತಲೇ ಮಾಡ್ತಾನಾ, ತಾನಾಗೇ ಆಗುತ್ತಾ? ಎರಡರ ಮಧ್ಯೆ. ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ನಿಮಿಷ ಕಣ್ಣು ಮಿಟುಕಿಸದೆ ಕೂತುಕೊಳ್ಳಿ. ಮೊದಲು ಸುಲಭ. ಆಮೇಲೆ ಕಣ್ಣು ಉರಿಯುತ್ತದೆ, ಮನಸ್ಸೆಲ್ಲ ಕಣ್ಣಿನ ಮೇಲೇ ಇರುತ್ತದೆ, ಪಕ್ಕದಲ್ಲಿ ಯಾರಾದರೂ ಏನಾದರೂ ಹೇಳಿದರೂ ತಲೆಗೆ ಹೋಗುವುದಿಲ್ಲ, ಕೊನೆಗೆ ತಡೆಯಲಾರದೆ ಪಟಪಟ ಅಂತ ಮಿಟುಕಿಸಿಬಿಡುತ್ತೀರಿ, ಆಗ ಎಷ್ಟು ಹಾಯೆನಿಸುತ್ತೆ ಅಲ್ವಾ? ಸ್ವಲ್ಪ ದೊಡ್ಡ ಮಕ್ಕಳು ಟಿಕ್ಸ್ ಬಗ್ಗೆ ಹೇಳುವುದೂ ಹೆಚ್ಚುಕಡಿಮೆ ಇದೇ. ಸೀನು ಬರುವ ಮೊದಲು ಮೂಗಿನಲ್ಲಿ ಆಗುವಂಥದ್ದು, ತುರಿಕೆಯಂಥದ್ದು ಏನೋ ಆಗುತ್ತದೆ, ಮಾಡಿದರೆ ಇಳಿಯುತ್ತದೆ. ಆರು ವರ್ಷದವನಿಗೆ ಇದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಹೆಚ್ಚಿನ ಮಕ್ಕಳಿಗೆ ಅದು ಗೊತ್ತಾಗುವುದೇ ಎಂಟು-ಹತ್ತು ವರ್ಷದ ಹೊತ್ತಿಗೆ. ಸ್ವಲ್ಪ ಹೊತ್ತು ತಡೆಹಿಡಿಯಬಹುದು ಅನ್ನುವ ಕಾರಣಕ್ಕೇ ದೊಡ್ಡವರು 'ನೋಡಿ, ಗದರಿದ ಕೂಡಲೇ ನಿಲ್ಲಿಸಿದ, ಅಂದರೆ ನಾಟಕ' ಅಂದುಕೊಳ್ಳುತ್ತಾರೆ. ಪಾಪ, ಆ ಎರಡು ನಿಮಿಷ ಅವನಿಗೆ ಬೇರೇನೂ ಕೆಲಸವಿರುವುದಿಲ್ಲ, ಬರೀ ತಡೆಯುವುದೇ ಕೆಲಸ.

ಇನ್ನು ಭಯದ ವಿಚಾರ. ಶಾಲೆಗೆ ಹೋಗುವ ವಯಸ್ಸಿನ ಸುಮಾರು ಐದು ಮಕ್ಕಳಲ್ಲಿ ಒಬ್ಬರಿಗೆ ಯಾವಾಗಲಾದರೂ ಒಮ್ಮೆ ಟಿಕ್ಸ್ ಬಂದು ಹೋಗುತ್ತದೆ. ಗಂಡುಮಕ್ಕಳಲ್ಲಿ ಜಾಸ್ತಿ. ಶುರುವಾಗುವುದು ಸಾಮಾನ್ಯವಾಗಿ 4ರಿಂದ 8 ವರ್ಷದೊಳಗೆ, ನಿಮ್ಮ ಮಗ ಸರಿಯಾಗಿ ಆ ವಯಸ್ಸಿನಲ್ಲೇ ಇದ್ದಾನೆ. ಬಹಳಷ್ಟು ಮಕ್ಕಳಿಗೆ ಕೆಲವು ವಾರ, ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ. ಟುರೆಟ್ ಅನ್ನಬೇಕಾದರೆ ಒಂದಕ್ಕಿಂತ ಹೆಚ್ಚು ಬಗೆಯ ಚಲನೆ, ಕನಿಷ್ಠ ಒಂದು ಬಗೆಯ ಸದ್ದು, ಎರಡೂ ಇರಬೇಕು ಮತ್ತು ಶುರುವಾಗಿ ಒಂದು ವರ್ಷ ದಾಟಿರಬೇಕು. ನಿಮ್ಮದು ಇನ್ನೂ ಮೂರು ವಾರ. ಈಗಲೇ ಆ ಹೆಸರು ಹಚ್ಚಲು ಯಾರಿಗೂ ಆಗುವುದಿಲ್ಲ, ಇಂಟರ್ನೆಟ್ಟಿಗಂತೂ ಆಗುವುದೇ ಇಲ್ಲ. ಮುಂದೆ ಅದೇ ಅಂತ ಆದರೂ, ನೀವು ವಿಡಿಯೋಗಳಲ್ಲಿ ನೋಡುವ ಹಾಗೆ ಕೆಟ್ಟ ಮಾತು ಕಿರುಚುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಫ್ರಾನ್ಸಿನ ಡಾಕ್ಟರ್ ಜಿಲ್ ದ ಲಾ ಟುರೆಟ್ 1885ರಲ್ಲಿ ಒಂಬತ್ತು ರೋಗಿಗಳ ಬಗ್ಗೆ ಬರೆದಿದ್ದರು, ಆ ಹೆಸರು ಅಲ್ಲಿಂದ ಬಂತು. ವರ್ಷ ದಾಟಿ ಉಳಿಯುವ ಟಿಕ್ಸ್ ಕೂಡ 10-12ರ ವಯಸ್ಸಿನಲ್ಲಿ ಜೋರಾಗಿದ್ದು, ಹದಿಹರೆಯ ಮುಗಿಯುವ ಹೊತ್ತಿಗೆ ಹೆಚ್ಚಿನವರಲ್ಲಿ ತುಂಬಾ ಇಳಿಯುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಗಾಬರಿಯಾಗುತ್ತೀರಿ. ಇದು ಏರುತ್ತದೆ, ಇಳಿಯುತ್ತದೆ, ವೇಷ ಬದಲಿಸುತ್ತದೆ. ಕಣ್ಣು ಹೋಗಿ ಭುಜ ಬಂತಲ್ಲ, ಹಾಗೆ. ನಾಳೆ ಭುಜ ಹೋಗಿ ಮೂಗು ಬರಬಹುದು. ಹೊಸದು ಬಂತು ಅಂದರೆ ರೋಗ ಬೆಳೆಯುತ್ತಿದೆ ಅಂತಲ್ಲ. ದಣಿವು, ನೆಗಡಿ ಜ್ವರ, ಪರೀಕ್ಷೆ, ಅಷ್ಟೇ ಯಾಕೆ, ಹುಟ್ಟುಹಬ್ಬದ ಖುಷಿಯೂ ಜಾಸ್ತಿ ಮಾಡುತ್ತದೆ. ಬಣ್ಣ ಹಚ್ಚುವುದರಲ್ಲೋ ಆಟದಲ್ಲೋ ಮುಳುಗಿದಾಗ ಕಡಿಮೆ. ನಿದ್ದೆಯಲ್ಲಿ ಬಹುಪಾಲು ಇರುವುದಿಲ್ಲ.

ಫಿಟ್ಸ್ ಅಲ್ಲವಾ ಅಂತ ಕೇಳಿದ್ದೀರಿ. ಟಿಕ್ ಬಂದಾಗ ಮಗುವಿಗೆ ಪೂರ್ತಿ ಎಚ್ಚರವಿರುತ್ತದೆ, ಮಾತು ಮುಂದುವರಿಸುತ್ತದೆ, ಒಂದೆರಡು ಕ್ಷಣ ತಡೆಹಿಡಿಯಲೂ ಬರುತ್ತದೆ. ಫಿಟ್ಸ್ ತಡೆದರೆ ನಿಲ್ಲುವುದಿಲ್ಲ. ಚಿಕ್ಕ ಮಕ್ಕಳಲ್ಲಿ ಒಂದು ಬಗೆಯ ಫಿಟ್ಸ್‌ನಲ್ಲಿ ಮಗು ಮಾತಾಡುತ್ತಾ ಅರ್ಧಕ್ಕೆ ನಿಲ್ಲಿಸಿ ಹತ್ತು ಸೆಕೆಂಡು ಶೂನ್ಯ ನೋಡುತ್ತದೆ, ರೆಪ್ಪೆ ಅದುರಬಹುದು, ಕರೆದರೆ ಉತ್ತರವಿಲ್ಲ, ಆಮೇಲೆ ಏನಾಯಿತೆಂದು ಅದಕ್ಕೆ ಗೊತ್ತೂ ಇರುವುದಿಲ್ಲ. ಅಂಥದ್ದು ಕಂಡರೆ ತಡ ಮಾಡಬೇಡಿ. ಎಚ್ಚರ ತಪ್ಪುವುದು, ಬೀಳುವುದು, ನಡಿಗೆ ಅಥವಾ ಮಾತು ಬದಲಾಗುವುದು, ಒಂದು ಕಡೆ ಕೈಕಾಲು ಸೋಲುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗುವುದು, ಇವಿದ್ದರೂ ಅಷ್ಟೇ.

ಇವ್ಯಾವೂ ಇಲ್ಲದಿದ್ದರೂ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವ ಮೊದಲು ಅವನಿಗೆ ಗೊತ್ತಾಗದ ಹಾಗೆ ಅರ್ಧ ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ. ಯಾಕೆ ಅಂದರೆ ಡಾಕ್ಟರ ಎದುರು ಕೂತ ಹತ್ತು ನಿಮಿಷ ಒಂದೂ ಬರುವುದಿಲ್ಲ, ಅಮ್ಮನಿಗೆ ತಾನೇ ಸುಳ್ಳು ಹೇಳಿದ ಹಾಗಾಗಿ ಮುಖ ಸಣ್ಣದಾಗುತ್ತದೆ, ಬಾಗಿಲು ದಾಟಿದ ಕೂಡಲೇ ಭುಜ ಕುಣಿಯುತ್ತದೆ. ಇದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ಹೊಸದಾಗಿ ಏನಾದರೂ ಔಷಧಿ ಶುರುವಾಗಿದ್ದರೆ ಅದನ್ನೂ ಹೇಳಿ. ಕೇಳಿ, ನೋಡಿದರೇ ಹೆಚ್ಚಾಗಿ ಗೊತ್ತಾಗುತ್ತದೆ, ಸುಮ್ನೆ ಸ್ಕ್ಯಾನಿಂಗ್ ಬೇಕಾಗುವುದಿಲ್ಲ.

ಈಗ ಕಷ್ಟದ ಕೆಲಸ: ಏನೂ ಹೇಳದೆ ಇರುವುದು. 'ಬೇಡ ಪುಟ್ಟಾ' ಎಷ್ಟೇ ಪ್ರೀತಿಯಿಂದ ಅಂದರೂ ಅದು ಅವನ ಗಮನವನ್ನು ಭುಜದ ಮೇಲೆ ತಂದು ಕೂರಿಸುತ್ತದೆ. ತುರಿಕೆಯ ಮಾತೆತ್ತಿದರೆ ನಮಗೂ ಮೈ ತುರಿಸುವುದಿಲ್ಲವಾ? ಹೇಳದೆ ಇದ್ದರೆ ಸಾಲದು, ಕಣ್ಣಲ್ಲೂ ಹೇಳಬಾರದು. ಮಕ್ಕಳು ನಮ್ಮ ಮುಖ ಓದುತ್ತಾರೆ. ಅವನ 'ಹ್ಮ್' ಕೇಳಿಸಿದ ಕೂಡಲೇ ನಿಮ್ಮ ಕೈ ಒಂದು ಕ್ಷಣ ನಿಲ್ಲುತ್ತೆ, ಅದು ಅವನಿಗೆ ಗೊತ್ತಾಗುತ್ತೆ. ಮೊದಲ ವಾರ ನಿಮ್ಮಿಂದ ಆಗುವುದಿಲ್ಲ, ಆಮೇಲೆ ಅಭ್ಯಾಸವಾಗುತ್ತದೆ. ದಿನಕ್ಕೆ ಎಷ್ಟು ಸಲ ಅಂತ ಎಣಿಸಬೇಡಿ. ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಜಾಸ್ತಿ, ಕಡಿಮೆ ಅಂತ ಒಂದು ಪದ ಬರೆದಿಡಿ, ಡಾಕ್ಟರಿಗೆ ಅಷ್ಟು ಸಾಕು.

ಹಾಗಂತ ಗುಟ್ಟು ಮಾಡಬೇಡಿ. ಅವನು ಭುಜ ಅದುಮಿಕೊಂಡು ಕೂತಿದ್ದನಲ್ಲ, ಅದಕ್ಕೆ ಒಂದು ಸಲ ಉತ್ತರ ಕೊಡಿ. ಪಕ್ಕ ಕೂತು, 'ಕೆಲವು ಮಕ್ಕಳಿಗೆ ಭುಜ ತಾನಾಗೇ ಎಗರುತ್ತೆ ಪುಟ್ಟಾ, ಸೀನು ಬಂದ ಹಾಗೆ. ನೀನು ತಪ್ಪು ಮಾಡ್ತಿಲ್ಲ. ಅವತ್ತು ನಾನು ಬೈದಿದ್ದು ತಪ್ಪು. ತಡೆಯೋದು ಬೇಡ, ಬಂದ್ರೆ ಬರಲಿ' ಅಂತ ಹೇಳಿ ಆಟಕ್ಕೆ ಕಳಿಸಿ. ಮುಗಿಯಿತು. ದಿನಾ ಹೇಳಬೇಡಿ. ಮನೆಯಲ್ಲಿ ಉಳಿದವರೂ ಅಣಕಿಸಬಾರದು, ತಮಾಷೆಗೂ.

ಮೊಬೈಲ್ ಕಾರಣ ಅಲ್ಲ. ರಾತ್ರಿ ಅದರಿಂದ ನಿದ್ದೆ ಕೆಡುತ್ತಿದ್ದರೆ ಹಗಲು ಟಿಕ್ಸ್ ಜಾಸ್ತಿಯಾಗಬಹುದು, ಅಷ್ಟಕ್ಕೆ ಮಿತಿ ಹಾಕುವುದು ಒಳ್ಳೆಯದೇ. ಆದರೆ 'ಭುಜ ಎಗರಿಸಿದ್ದಕ್ಕೆ ಮೊಬೈಲ್ ಕಿತ್ತುಕೊಂಡರು' ಅಂತ ಅವನಿಗೆ ಅನಿಸಿದರೆ ಅದು ಶಿಕ್ಷೆ. ನಿಮ್ಮ ಮನೆಯವರಿಗೆ ಈ ವ್ಯತ್ಯಾಸ ಹೇಳಿ.

ಚಿಕಿತ್ಸೆ? ಈಗ ಬಹುಶಃ ಏನೂ ಬೇಡ. ಟಿಕ್‌ನಿಂದ ಮೈ ನೋಯುತ್ತಿದ್ದರೆ, ಓದು ಬರಹಕ್ಕೆ ಅಡ್ಡಿಯಾದರೆ, ಶಾಲೆಗೆ ಹೋಗಲು ನಾಚಿದರೆ ಆಗ ಬೇಕು. ಅದಕ್ಕೊಂದು ತರಬೇತಿ ಇದೆ. ಭುಜ ಎಗರುವ ಹಾಗೆ ಅನಿಸಿದಾಗ ಮೊಣಕೈಯನ್ನು ಪಕ್ಕೆಗೆ ಒತ್ತಿ, ಭುಜವನ್ನು ಮೆಲ್ಲಗೆ ಕೆಳಗೆ ಇಳಿಸಿ, ಆ ಒತ್ತಡ ಹೋಗುವವರೆಗೆ ಹಿಡಿಯುವುದು, ಹೀಗೆ ಒಂದೊಂದು ಟಿಕ್‌ಗೂ ಒಂದೊಂದು ಎದುರು ಚಲನೆ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 9ರಿಂದ 17 ವರ್ಷದ 126 ಮಕ್ಕಳಿದ್ದರು. ಈ ತರಬೇತಿ ಪಡೆದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗೆ ಚೆನ್ನಾಗಿ ಸುಧಾರಿಸಿತು. ನಿಮ್ಮವನಿಗೆ ಇನ್ನೂ ಚಿಕ್ಕ ವಯಸ್ಸು. ಕ್ಲೋನಿಡಿನ್‌ನಂಥ ಮಾತ್ರೆಗಳೂ ಇವೆ, ಕಡಿಮೆ ಮಾಡುತ್ತವೆ, ಬೇರುಸಹಿತ ಕೀಳುವುದಿಲ್ಲ. ಗಮನ ನಿಲ್ಲದಿರುವುದು, ವಿಪರೀತ ಚಡಪಡಿಕೆ, ಮಾಡಿದ್ದನ್ನೇ ಮಾಡುವ ಗೀಳು ಇವು ಜೊತೆಗಿದ್ದರೆ ಮರೆಯದೆ ಹೇಳಿ. ಎಷ್ಟೋ ಮಕ್ಕಳಿಗೆ ಟಿಕ್ಸ್‌ಗಿಂತ ಅವೇ ಜಾಸ್ತಿ ಕಾಟ ಕೊಡುತ್ತವೆ.

ಪ್ರಶ್ನೆ: ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ಒಬ್ಬ ಹುಡುಗ ಐದು ನಿಮಿಷಕ್ಕೊಮ್ಮೆ ಗಂಟಲಲ್ಲಿ ಜೋರಾಗಿ ಸದ್ದು ಮಾಡುತ್ತಾನೆ, ಉಳಿದವರು ನಗುತ್ತಾರೆ. ಆಚೆ ನಿಲ್ಲಿಸಿದೆ, ಪ್ರಯೋಜನವಾಗಲಿಲ್ಲ. ಟಿಕ್ಸ್ ಅಂತ ಅವನ ತಾಯಿ ಹೇಳಿದ್ದಾರೆ. ಕ್ಲಾಸ್ ಹೇಗೆ ನಡೆಸಲಿ?
ಒಬ್ಬ ಶಿಕ್ಷಕಿ

ಉತ್ತರ: ಆಚೆ ನಿಲ್ಲಿಸಬೇಡಿ ಮೇಡಂ. ತಾಯಿಯ ಹತ್ತಿರ ಕೇಳಿ, ಅವನಿಗೂ ಒಪ್ಪಿಗೆಯಿದ್ದರೆ, ಅವನ ಸದ್ದು ಬಿಕ್ಕಳಿಕೆಯ ಹಾಗೆ, ತಡೆಯಲಾಗದು ಅಂತ ಕ್ಲಾಸಿಗೆ ಒಂದು ನಿಮಿಷದಲ್ಲಿ ಹೇಳಿ. ನೀವು ತಿರುಗಿ ನೋಡುವುದನ್ನು ಬಿಟ್ಟರೆ ಮಕ್ಕಳೂ ಬಿಡುತ್ತಾರೆ. ಎಲ್ಲರ ಕಣ್ಣು ಬೀಳುವ ಮುಂದಿನ ಬೆಂಚು ಬೇಡ, ಬದಿಯಲ್ಲಿ ಕೂರಿಸಿ. ತಡೆದು ತಡೆದು ಸಾಕಾದಾಗ ಕೇಳದೇ ಆಚೆ ಹೋಗಿ ಬರಲು ಬಿಡಿ. ಇಲ್ಲೂ ಆಚೆಯೇ, ಆದರೆ ಈ ಸಲ ಅವನಾಗೇ ಹೋಗುತ್ತಾನೆ. ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ ಕೊಡಲು ಸಾಧ್ಯವಾದರೆ ಕೊಡಿ. ಸದ್ದನ್ನು ತಡೆಯುತ್ತಾ ಲೆಕ್ಕ ಮಾಡುವುದು ಸುಲಭವಲ್ಲ.

ಪ್ರಶ್ನೆ: ಎಂಟು ವರ್ಷದ ಮಗಳು. ಗಂಟಲು ನೋವು, ಜ್ವರ ಬಂದು ಹೋದ ಎರಡು ವಾರಕ್ಕೆ, ಒಂದೇ ದಿನದಲ್ಲಿ ಬೇರೆಯೇ ಮಗುವಾದಳು. ಕತ್ತು ಕೊಂಕಿಸುತ್ತಾಳೆ, ಕೈ ತೊಳೆದದ್ದೇ ತೊಳೆಯುತ್ತಾಳೆ, ಊಟ ಮುಟ್ಟಲು ಹೆದರುತ್ತಾಳೆ, ನನ್ನನ್ನು ಬಿಟ್ಟು ಒಂದು ಕೋಣೆಯಲ್ಲಿ ಇರುವುದಿಲ್ಲ. ಇದೂ ತಾನಾಗೇ ಹೋಗುತ್ತಾ?
ಒಬ್ಬ ತಂದೆ

ಉತ್ತರ: ಇದನ್ನು ಕಾದು ನೋಡಬೇಡಿ, ನಾಳೆಯೇ ತೋರಿಸಿ. ಮೇಲಿನ ಪತ್ರದ ಹುಡುಗನಿಗೆ ಕೊಟ್ಟ ಸಮಾಧಾನ ನಿಮಗೆ ಕೊಡಲಾರೆ. ಬರೀ ಟಿಕ್ಸ್ ಆಗಿದ್ದರೆ ಬೇರೆ ಮಾತು, ಆದರೆ ಗೀಳು, ಊಟದ ಭಯ, ಅಂಟಿಕೊಳ್ಳುವುದು ಎಲ್ಲ ಒಂದೇ ದಿನದಲ್ಲಿ ಒಟ್ಟಿಗೆ ಬಂದಿದೆ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟ ಮೇಲೆ ಕೆಲವು ಮಕ್ಕಳಲ್ಲಿ ಹೀಗಾಗುವುದನ್ನು 1998ರಲ್ಲಿ ಪಾಂಡಾಸ್ ಅಂತ ಹೆಸರಿಟ್ಟು ಬರೆದರು. ಅದರ ಬಗ್ಗೆ ಡಾಕ್ಟರುಗಳಲ್ಲೇ ಇನ್ನೂ ವಾದ ಇದೆ. ಟಿಕ್ಸೂ ಸಾಮಾನ್ಯ, ಗಂಟಲು ನೋವೂ ಸಾಮಾನ್ಯ, ಎರಡೂ ಕಾಕತಾಳೀಯವಾಗಿ ಒಟ್ಟಿಗೆ ಬರಬಹುದು. ವಾದ ಅವರು ಮಾಡಿಕೊಳ್ಳಲಿ, ನೀವು ಮಗುವನ್ನು ಕರೆದುಕೊಂಡು ಹೋಗಿ. ಗಂಟಲು, ರಕ್ತ ಪರೀಕ್ಷೆ ಮಾಡುತ್ತಾರೆ. ಸೋಂಕು ಇನ್ನೂ ಇದ್ದರೆ ಆಂಟಿಬಯಾಟಿಕ್ ಕೊಡುತ್ತಾರೆ, ಕೊಟ್ಟರೆ ಕೋರ್ಸ್ ಪೂರ್ತಿ ಮುಗಿಸಿ. ಗೀಳಿಗೂ ಭಯಕ್ಕೂ ಬೇರೆ ಚಿಕಿತ್ಸೆ ಇದೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಗಳ ಹಳೆಯ ನೋಟ್‌ಬುಕ್ಕನ್ನೂ ಈ ವಾರದ್ದನ್ನೂ ಪಕ್ಕ ಪಕ್ಕ ಇಟ್ಟು ಬರಹ ನೋಡಿ. ಅಕ್ಷರ ಕೆಟ್ಟಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ಕೈಕಾಲು ಒಂದೇ ತರಹ ಎಗರುವ ಬದಲು ಹೇಗೆಂದರೆ ಹಾಗೆ ಹೊಯ್ದಾಡುತ್ತಿದ್ದರೆ ಅದು ಟಿಕ್ಸ್ ಅಲ್ಲದೆ ಕೊರಿಯಾ ಅನ್ನುವ ಬೇರೆ ಕಾಯಿಲೆ ಇರಬಹುದು. ಅದೂ ಅದೇ ಗಂಟಲು ಸೋಂಕಿನ ನಂತರ ಬರುತ್ತದೆ, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ. ಅದು ರುಮ್ಯಾಟಿಕ್ ಜ್ವರದ ಭಾಗ, ಆ ಜ್ವರ ಹೃದಯದ ಕವಾಟಕ್ಕೆ ತೊಂದರೆ ಮಾಡಬಲ್ಲದು, ಹಾಗಾಗಿ ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನಿಂಗ್, ಬೇಕಾಗುತ್ತದೆ. ಎರಡೂ ನೋಟ್‌ಬುಕ್ಕುಗಳನ್ನು ಡಾಕ್ಟರ ಹತ್ತಿರ ಜೊತೆಗೇ ತೆಗೆದುಕೊಂಡು ಹೋಗಿ.