ಮಾತೇ ಬಾರದ ನಾನು ನಮ್ಮ ಕ್ರೈಸ್ತ ಸಭೆಯಲ್ಲಿ ದುಃಖಿತರನ್ನು ಸಂತೈಸುವ, ಹೊಸಬರನ್ನು ಬರಮಾಡಿಕೊಳ್ಳುವ ಸೇವೆಗೆ ಒಪ್ಪಬಹುದೇ?

ನಿಮಗೆ ಮಾತು ಬರುವುದಿಲ್ಲ ಎಂಬ ಚಿಂತೆ. ನನಗೆ ಬರುತ್ತಿತ್ತು, ಅದೇ ಮುಳುವಾಯಿತು.

ನಮ್ಮದು ಗುಳೇದಗುಡ್ಡ. 1851ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಕೇಂದ್ರ ತೆರೆದ ಊರು. ತಲೆತಲಾಂತರದಿಂದ ಸಭೆಯವರು ಎಂಬ ಹೆಮ್ಮೆ ಬೇರೆ, ಸಂಡೇ ಸ್ಕೂಲಿನಲ್ಲಿ ಬೈಬಲಿನ ವಚನ ಬಾಯಿಪಾಠ ಹೇಳಿ ಬಹುಮಾನ ಗೆದ್ದವನು ಬೇರೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ನನಗೂ ಇದೇ ಸೇವೆ ಒಪ್ಪಿಸಿದರು.

ನಮ್ಮ ಓಣಿಯ ತಾಯಿಯೊಬ್ಬರು ಮಗನನ್ನು ಕಳೆದುಕೊಂಡು ಮೂರು ದಿನವಾಗಿತ್ತು. ಅರ್ಧ ನೇಯ್ದ ಖಣ ಮಗ್ಗದಲ್ಲೇ ಇತ್ತು. ಲಾಳಿ ಅವನು ಬಿಟ್ಟಲ್ಲೇ ಇತ್ತು. ಯಾರೂ ಮಾತಾಡುತ್ತಿರಲಿಲ್ಲ. ನಾನು ನಿಂತುಕೊಂಡೇ ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯ ತೆಗೆದೆ: ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕೇ ಒದಗುತ್ತದೆ ಎಂದು ವಿವರಿಸತೊಡಗಿದೆ. ಆ ತಾಯಿ ತಲೆಯೆತ್ತಿ, "ತಮ್ಮಾ, ಆ ವಚನ ನನಗೂ ಬಾಯಿಪಾಠ ಇದೆ" ಎಂದು ಒಳಗೆ ಹೋದರು. ಎರಡು ವರ್ಷ ಆರಾಧನೆಗೆ ಬರಲಿಲ್ಲ.

ತಪ್ಪು ವಚನದ್ದಲ್ಲ. ನಿಂತು ಹೇಳಿದ್ದೂ ದೊಡ್ಡ ತಪ್ಪಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ, ನಿಜ ಅದು. ನನ್ನ ಚಡಪಡಿಕೆಗೆ ನಾನೇ ಮದ್ದು ಮಾಡಿಕೊಂಡು, ಅದನ್ನು ಅವರಿಗೆ ಕುಡಿಸಲು ಹೋದೆ. ಅಪೊಸ್ತಲ ಪೌಲನು ಆ ವಚನ ಬರೆದದ್ದು ಪೆಟ್ಟು ತಿಂದ ಮೈಯಿಂದ. ನಾನು ಅಲ್ಲಿಯವರೆಗೆ ಒಂದು ಹೆಣಕ್ಕೂ ಹೆಗಲು ಕೊಟ್ಟವನಲ್ಲ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಬಳಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಕೆಟ್ಟದ್ದು ಅವರು ಬಾಯಿ ತೆರೆದ ಮೇಲೆ. ಇದನ್ನು ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ.

ನಾನು ವ್ಯಾಖ್ಯಾನ ಮಾಡುತ್ತಿದ್ದಾಗಲೇ ಓಣಿಯ ನಳಕ್ಕೆ ನೀರು ಬಂದಿತ್ತು. ಪಕ್ಕದ ಮನೆಯ ಲಿಂಗಾಯತ ಅಜ್ಜಿ ನನ್ನನ್ನು ದಾಟಿಕೊಂಡೇ ಒಳಗೆ ಹೋಗಿ, ಆ ಮನೆಯ ಕೊಡಗಳನ್ನೆಲ್ಲ ತುಂಬಿಸಿಟ್ಟು, ರೊಟ್ಟಿಯ ಗಂಟನ್ನು ಒಲೆಯ ಪಕ್ಕ ಇಟ್ಟು ಹೋದರು. ಒಂದು ಮಾತಿಲ್ಲ. "ಅಳುವವರ ಸಂಗಡ ಅಳಿರಿ" ಎಂದಿದೆಯೇ ಹೊರತು ಅವರಿಗೆ ಪ್ರಸಂಗ ಮಾಡಿರಿ ಎಂದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಮಾತು ಬಾರದವರನ್ನೇ ಈ ಸೇವೆಗೆ ಹಾಕಬೇಕು ಎನ್ನುವವನು ನಾನು. ಒಪ್ಪಿಕೊಳ್ಳಿ. ಇನ್ನು ಹೊಸಬರ ವಿಷಯ: ನಮ್ಮ ಕಡೆಯ "ಯಾರ ಪೈಕಿ?" ಎಂಬ ಪ್ರಶ್ನೆಯನ್ನು ಚಪ್ಪಲಿಯ ಜೊತೆ ಹೊರಗೇ ಬಿಡಿ. ಚಾಪೆಯ ಮೇಲೆ ಸ್ವಲ್ಪ ಸರಿದು ಕೂರಿ, ಹಾಡಿನ ಪುಸ್ತಕದಲ್ಲಿ ಪುಟ ತೆಗೆದುಕೊಡಿ.