ಗಾಜಿನ ಫೋಟೋ ತೊಳೆಯಬೇಡಿ

ನಮಸ್ಕಾರ ರೀ. ಬೆಳಗಾವಿಯ ಹಳೇ ಮನೆಯ ಅಟ್ಟದಲ್ಲಿ ಸಿಕ್ಕ ಗಾಜಿನ ಫೋಟೋದಲ್ಲಿ ಮುತ್ತಜ್ಜನ ಮುಖ ಕಪ್ಪಾಗಿದೆ, ಸೋಪಿನ ನೀರಲ್ಲಿ ತೊಳೆಯಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಬಿಳಿ ರುಮಾಲು ಕಪ್ಪಾಗಿ, ಕರಿ ಕೋಟು ತಿಳಿಯಾಗಿ ಕಾಣುತ್ತಿದೆ ಅಂದಿದ್ದೀರಲ್ಲ, ಹಾಗಾದರೆ ಅದು ಕೆಟ್ಟಿಲ್ಲ. ಅದು ನೆಗೆಟಿವ್, ಅಂದರೆ ಕಪ್ಪು-ಬಿಳುಪು ಅದಲುಬದಲಾಗಿರುವ ಮೂಲಚಿತ್ರ.

ಬಹುಶಃ ಜೆಲಾಟಿನ್ ಪ್ಲೇಟ್ ಇರಬೇಕು, ಅಂದರೆ ಜೆಲಾಟಿನ್ ಎಂಬ ಅಂಟಿನಂಥ ವಸ್ತುವಿನ ತೆಳು ಪದರದಲ್ಲಿ ಚಿತ್ರ ಮೂಡಿಸಿದ ಗಾಜು. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಈ ವಿಧಾನ ತಿಳಿಸಿದ ಮೇಲೆ ಸ್ಟುಡಿಯೋಗಳು ಎಷ್ಟೋ ವರ್ಷ ಇದನ್ನೇ ಬಳಸಿದವು. ಜೆಲಾಟಿನ್ ನೀರು ಕುಡಿದರೆ ಉಬ್ಬಿ ಗಾಜಿನಿಂದ ಏಳುತ್ತದೆ. ಬೆಳಗಾವಿಯ ಮಳೆಗಾಲದ ತೇವಕ್ಕೇ ಬೂಸ್ಟು ಹಿಡಿಯುತ್ತದೆ, ಇನ್ನು ಸೋಪಿನ ನೀರು ಅಂದರೆ!

ಪ್ಲೇಟನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಹೊಳೆಯುವ ಬದಿ ಗಾಜು, ಮಂಕು ಬದಿ ಚಿತ್ರ. ಮಂಕು ಬದಿಯಲ್ಲಿ ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ ಕೂದಲೆಳೆಯಂಥ ಪೆನ್ಸಿಲ್ ಗೀರುಗಳು ಕಾಣಬಹುದು. ಅದು ಕೊಳೆಯಲ್ಲ. ಸುಕ್ಕು, ಕಲೆ ಮರೆಸಲು ಸ್ಟುಡಿಯೋದವರು ಕೈಯಿಂದ ಮಾಡಿದ ರಿಟಚಿಂಗ್. ಒಮ್ಮೆ ಬಟ್ಟೆ ಆಡಿಸಿದರೂ ಆ ಕೆಲಸ ಹೋಯ್ತು. ನನಗಂತೂ ಚಿತ್ರದಷ್ಟೇ ಆ ಗೀರುಗಳೂ ಮುಖ್ಯ.

ಮಂಕು ಬದಿಗೆ ರಬ್ಬರ್ ಬ್ಲೋವರ್‌ನಿಂದ ಮೆಲ್ಲಗೆ ಗಾಳಿ ಸಾಕು, ಪದರ ಏಳುತ್ತಿದ್ದರೆ ಅದೂ ಬೇಡ. ಅಂಚು ಮಾತ್ರ ಹಿಡಿಯಿರಿ. ಮುಖ ನೋಡಬೇಕಲ್ವಾ? ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಅದರ ಮುಂದೆ ಪ್ಲೇಟ್ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಬಣ್ಣ ತಿರುವುಮುರುವು ಮಾಡಿ. ಆಮೇಲೆ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಉದ್ದ ಅಂಚಿನ ಮೇಲೆ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಭಾರಕ್ಕೆ ಸೀಳುತ್ತವೆ.